ಚಾವಣಿಯ ಕೊಂಡಿಗಳು

ಟಕ್. ಅಗೋ, ಮತ್ತೆ — ಟಕ್, ಇದು ಗಾಳಿಯಲ್ಲ, ಗಾಳಿಯ ಸದ್ದು ಬೇರೆ, ಅದು ಉದ್ದಕ್ಕೆ ಎಳೆಯುತ್ತದೆ, ಇದು ತಗಡಿಗೆ ಏನೋ ಬಡಿಯುವ ಸದ್ದು, ನೆತ್ತಿಯ ಮೇಲೆಲ್ಲೋ, ಎಡಕ್ಕೆ, ಸ್ಟೀರಿಂಗ್ ಹಿಡಿದ ಮೆರ್ಲ್‌ನ ತಲೆಯ ನೇರಕ್ಕೆ, ಅವನಿಗೆ ಕೇಳಿಸುತ್ತಿಲ್ಲವೇ, ಎಲ್ಲಿ ಕೇಳಿಸೀತು, ಶಾಲೆ ಬಸ್ಸಿನ ಮಕ್ಕಳ ಗಲಾಟೆಗೆ ಆ ಕಿವಿ ಎಂದೋ ಹೋಯಿತು, ಆರ್ಡಿಸ್ ಉಸಿರು ಬಿಗಿಹಿಡಿದು ಇನ್ನೊಂದಕ್ಕೆ ಕಾದಳು, ಬರಲಿಲ್ಲ, ಬಾರದಿದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಗಾಳಿ ಪಕ್ಕದಿಂದ ಭುಜ ಕೊಟ್ಟು ಪಿಕಪ್ಪನ್ನು ನೂಕಿತು, ಬೆನ್ನ ಮೇಲೆ ಹೊತ್ತ, ಮುಂದಿನ ಸೀಟಿನ ನೆತ್ತಿಯವರೆಗೂ ಚಾಚಿದ ಮನೆಪೆಟ್ಟಿಗೆ, ಕ್ಯಾಂಪರ್, ವಾಲಿತು, ಗಂಡ ಸ್ಟೀರಿಂಗ್ ಎಳೆದು ಸರಿ ಮಾಡಿದ, ಏನೂ ಆಗದವನ ಹಾಗೆ ಪೆಪ್ಪರ್‌ಮಿಂಟು ಚೀಪುತ್ತ, ಲ್ಯಾಂಡರ್ ಬಿಟ್ಟಾಗಿನಿಂದ ಇದೇ ಗಾಳಿ, ವಯೋಮಿಂಗಿನಲ್ಲಿ ಹುಟ್ಟಿದವರು ಗಾಳಿಯ ಮಾತೇ ಎತ್ತುವುದಿಲ್ಲ, ಅದು ನಿಂತ ದಿನ ಮಾತ್ರ ಏನಾಯ್ತಪ್ಪ ಅಂತ ಹೊರಗೆ ಬಂದು ನೋಡುತ್ತಾರೆ. ಆರು ಕೊಂಡಿ, ಮುಂದೆರಡು, ಪಕ್ಕಕ್ಕೊಂದೊಂದು, ಹಿಂದೆ ಬಾಗಿಲ ಆಚೆಗೊಂದು ಈಚೆಗೊಂದು, ಚಾವಣಿಯನ್ನು ಹಿಡಿದಿರುವುದು ಇಷ್ಟೇ, ಸಂಜೆ ಭುಜ ಕೊಟ್ಟು ಮೇಲಕ್ಕೆತ್ತಿದರೆ ಸುತ್ತ ತಾಡಪಾಲಿನ ಗೋಡೆ ಬಿಚ್ಚಿಕೊಂಡು ನಿಂತು ಓಡಾಡುವಷ್ಟು ಮನೆ, ಬೆಳಿಗ್ಗೆ ಇಳಿಸಿದರೆ ಮುಚ್ಚಿದ ಪೆಟ್ಟಿಗೆ, ಆ ಪೆಟ್ಟಿಗೆಯ ಒಂದು ಕೊಂಡಿ ಬಿಚ್ಚಿಕೊಂಡಿದ್ದರೂ ಸಾಕು, ಗಾಳಿ ಮೊದಲು ಬೆರಳು ತೂರಿಸುತ್ತದೆ, ಆಮೇಲೆ ಕೈ, ಆಮೇಲೆ — ಹೋದ ವರ್ಷ ಮಡ್ಡಿ ಗ್ಯಾಪಿನ ಹತ್ತಿರ ನೋಡಲಿಲ್ಲವೇ, ಯಾರದೋ ಚಾವಣಿ ಕುರುಚಲು ಗಿಡಗಳ ನಡುವೆ ಅಂಗಾತ ಬಿದ್ದಿತ್ತು, ದಿಂಬು, ಟವೆಲು, ಒಳ ಉಡುಪು ಎಲ್ಲ ಮುಳ್ಳುತಂತಿ ಬೇಲಿಗೆ ಸಿಕ್ಕಿಕೊಂಡು ಪಟಪಟ ಅನ್ನುತ್ತಿದ್ದವು, ಗಂಡ ಹೆಂಡತಿ ರಸ್ತೆ ಪಕ್ಕ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ, ಮೆರ್ಲ್ ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕೊಟ್ಟ, ಬೇಲಿಯಿಂದ ದಿಂಬು ಬಿಡಿಸಿ ತಂದ, ಕೊಂಡಿ ಹಾಕಿದ್ದು ಯಾರು ಅಂತ ಮಾತ್ರ ಕೇಳಲಿಲ್ಲ, ಕ್ಯಾಂಪರಿನವರು ಅದನ್ನು ಯಾರನ್ನೂ ಕೇಳುವುದಿಲ್ಲ.

ಕೇಳುವುದಿಲ್ಲ ಸರಿ, ಆದರೆ ಗೊತ್ತಿರುತ್ತದಲ್ಲ, ಒಳಗೊಳಗೆ ಇಬ್ಬರಿಗೂ ಗೊತ್ತಿರುತ್ತದೆ. ಮುಂದಿನವು, ಪಕ್ಕದವು ಮೆರ್ಲ್‌ನ ಪಾಲು, ಅವನು ಉದ್ದಕ್ಕಿದ್ದಾನೆ, ಹಿಂದಿನವೆರಡು ಆರ್ಡಿಸಳವು, ಒಳಗಿನಿಂದ ಕೊನೆಗೆ ಬಗ್ಗಿ ಹೊರಗೆ ಬರುವವಳು ಅವಳೇ ತಾನೆ, ಹೀಗೆ ಹಂಚಿಕೊಂಡದ್ದು ಈ ಪೆಟ್ಟಿಗೆ ತಂದ ಮೊದಲ ವಾರದಲ್ಲಿ, ಶಾಲೆಯವರು ಮೆರ್ಲ್‌ನಿಗೆ ಕೇಕು ತಿನ್ನಿಸಿ ಕೆಲಸದಿಂದ ಬೀಳ್ಕೊಟ್ಟ ವರ್ಷ. ಅರ್ಧ ಆಯುಸ್ಸು ಬಸ್ಸು ಓಡಿಸಿದವನು, ಹೊರಡುವ ಮುಂಚೆ ಅವನದೊಂದು ಸುತ್ತು, ಒಂದೊಂದು ಚಕ್ರ, ಒಂದೊಂದು ದೀಪ ಕೈಯಿಂದ ಮುಟ್ಟಿ, ಅದರ ಹೆಸರು ಬಾಯಿಬಿಟ್ಟು ಹೇಳಿ, ಸುತ್ತಿನ ನಡುವೆ ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಮತ್ತೆ ಮೊದಲಿಂದ, ಎಲ್ಲ ಮುಗಿದ ಮೇಲೆ ಕೊನೆಯ ಸೀಟಿನವರೆಗೂ ನಡೆದು ಹೋಗಿ ನೋಡಿಬರಬೇಕು, ಯಾವುದಾದರೂ ಮಗು ನಿದ್ದೆ ಹೋಗಿ ಉಳಿದಿದೆಯಾ ಅಂತ, ಬಸ್ಸು ಬಿಟ್ಟರೂ ಆ ಚಾಳಿ ಬಿಡಲಿಲ್ಲ, ಈಗಲೂ ಅವಳು ಮುಂದಿನ ಸೀಟಿನಲ್ಲಿ ಕೂತ ಮೇಲೆ ಕ್ಯಾಂಪರಿನ ಹಿಂದಕ್ಕೆ ಹೋಗುತ್ತಾನೆ, ಅಲ್ಲೇ ಒಂದು ಗಳಿಗೆ ನಿಲ್ಲುತ್ತಾನೆ, ಹಿಂದೆ ಯಾವ ಮಗು ಮಲಗಿದ್ಯೋ ಮಾರಾಯ ಅಂತ ರೇಗಿಸಿದರೆ ನಗುತ್ತಾನೆ, ಏನಿಲ್ಲ ಬಿಡು. ಏನಿಲ್ಲವಂತೆ. ಸುಮ್ಮಸುಮ್ಮನೆ ಹೋಗಿ ನಿಲ್ಲುವವನನ್ನು ಏನೆನ್ನಬೇಕು. ಜೂನಿನಲ್ಲಿ ಡೂಬೋಯ್ಸ್ ಹತ್ತಿರ ಹೊಳೆಯ ಪಕ್ಕದಿಂದ ಹೊರಡುವಾಗ, ಗಾಜಿಗೆ ಅಂಟಿದ ಹುಳ ಒರೆಸಲು ಅವಳು ಬಂಪರ್ ಹತ್ತಿದಳು, ಕತ್ತೆತ್ತಿದರೆ ಮುಂದಿನ ಎಡಗಡೆಯ ಕೊಂಡಿ ಬಿಚ್ಚಿಕೊಂಡು ಜೋತಾಡುತ್ತಿತ್ತು, ನಾಲಗೆ ಹೊರಗೆ ಹಾಕಿದ ಹಾಗೆ, ಮೆರ್ಲ್? ಮೆರ್ಲ್ ಮರೆಯುವುದೇ? ಸದ್ದಾಗದಂತೆ ಹಾಕಿ ಕೆಳಗಿಳಿದಳು, ಗಾಜು ಒರೆಸಿದಳು, ಬಾಯಿ ಬಿಡಲಿಲ್ಲ. ಅಂದಿನಿಂದ ಪ್ರತಿ ಸಲ ಅವನು ಹಿಂದಕ್ಕೆ ಹೋದನೋ, ಇವಳು ಬಟ್ಟೆ ಹಿಡಿದು ಮುಂದಕ್ಕೆ ಇಳಿಯುತ್ತಾಳೆ, ಗಾಜಿನ ನೆಪ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡಿ ಬರುತ್ತಾಳೆ, ಆಮೇಲೆ ಒಮ್ಮೆಯೂ ಬಿಚ್ಚಿರಲಿಲ್ಲ, ಆದರೇನು, ಒಮ್ಮೆ ಬಿಚ್ಚಿದ್ದನ್ನು ಕಂಡ ಕಣ್ಣಿಗೆ ಮುಚ್ಚಿದ್ದು ಕಂಡರೂ ನಂಬಿಕೆಯಿಲ್ಲ.

ಟಕ್. ಥೂ. ಅದೊಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು, ಉಪ್ಪಿನ ಡಬ್ಬಿ ಐಸ್ ಪೆಟ್ಟಿಗೆಯೊಳಗೆ ಸಿಕ್ಕಿತು, ಇನ್ಯಾರು ಇಡುತ್ತಾರೆ ಅಲ್ಲಿ, ಇರುವುದೇ ಇಬ್ಬರು, ಬೆಂಕಿಪೊಟ್ಟಣ ದಿಂಬಿನ ಕೆಳಗೆ, ಆಮೇಲೆ ಆಗಸ್ಟಿನಲ್ಲಿ ಗ್ಯಾಸು, ಅಯ್ಯೋ ಆ ಗ್ಯಾಸು, ಕ್ಯಾಂಪ್‌ಗ್ರೌಂಡಿನಲ್ಲಿ ಬಂದವರ ಲೆಕ್ಕ ನೋಡಿಕೊಂಡು, ಕಕ್ಕಸು ತೊಳೆಸಿಕೊಂಡು ಆ ತಿಂಗಳಿಡೀ ಕೆಲಸಕ್ಕಿದ್ದರಲ್ಲ, ಅಲ್ಲಿ, ಅವಳು ಹೊರಗೆ ಮೇಜಿನ ಹತ್ತಿರ ಬಟ್ಟೆ ಮಡಚುತ್ತಿದ್ದಾಗ ಒಳಗಿನ ಗ್ಯಾಸಿನ ಅಲಾರಂ ಕಿರುಚಿಕೊಂಡಿತು, ಮೆರ್ಲ್ ಎಲ್ಲಿಂದಲೋ ಓಡಿ ಬಂದ, ಒಲೆಯ ಗುಂಡಿ ತಿರುಗಿಸಿ ಗ್ಯಾಸು ನಿಲ್ಲಿಸಿದ, ಚಾವಣಿಯ ಗವಾಕ್ಷಿ ತೆರೆದ, ತಾಡಪಾಲಿನ ಕಿಟಕಿಗಳ ಜಿಪ್ಪು ಪರಪರ ಎಳೆದ, ಅವಳು ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಳು, ನಮ್ಮಿಬ್ರನ್ನೂ ಸಾಯಿಸ್ಬಿಡ್ತಿದ್ಯಲ್ಲೋ, ತಲೆ ಎಲ್ಲಿಟ್ಟಿರ್ತೀಯ, ಅವನು ಅವಳ ಮುಖವನ್ನೇ ನೋಡಿದ, ತುಂಬ ಹೊತ್ತು ನೋಡಿದ, ಆಮೇಲೆ ಹೋಗ್ಲಿ ಬಿಡೇ, ಏನೂ ಆಗ್ಲಿಲ್ವಲ್ಲ ಅಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಹಿಂದೆಲ್ಲ ಜಗಳವಾಡುತ್ತಿದ್ದ, ಪೆಟ್ಟಿಗೆಯನ್ನು ಟ್ರಕ್ಕಿಗೆ ಬಿಗಿದ ತಿರುಪು ಎಷ್ಟು ಬಿಗಿಯಿರಬೇಕು ಅನ್ನುವುದಕ್ಕೇ ದಿನವಿಡೀ ಮಾತು ಬಿಟ್ಟಿದ್ದುಂಟು, ಕಲ್ಲುಹಾದಿಯಲ್ಲಿ ಗಡಗಡ ಅಲ್ಲಾಡಿ ಅವು ಸಡಿಲವಾಗುತ್ತವೆ, ಇಳಿದು ಬಿಗಿ ಮಾಡಬೇಕು, ಅತಿ ಬಿಗಿ ಮಾಡಿದರೆ ಟ್ರಕ್ಕಿನ ತಗಡೇ ಬಾಗುತ್ತದೆ, ನಿಂಗೊತ್ತಿಲ್ಲ ಸುಮ್ನಿರು, ನಿಂಗೆ ಭಾರಿ ಗೊತ್ತು. ಎಷ್ಟು ಸಲ ತೇಪೆ ಹಾಕಿಲ್ಲ ಈ ತಾಡಪಾಲಿಗೆ, ಅವನು ಹೊರಗಿನಿಂದ ಅಂಗೈ ಒತ್ತಿ ಹಿಡಿಯುವುದು, ಇವಳು ಒಳಗಿನಿಂದ ಅಂಟಿಸುವುದು, ಬಟ್ಟೆಯ ಈಚೆಗೆ ಇವಳ ಕೈ ಆಚೆಗೆ ಅವನ ಕೈ, ಬೆಚ್ಚಗೆ, ಹಾಸಿಗೆಯ ಅಡಿ ಬೆವೆತು ಬೂಸ್ಟು ಹಿಡಿದಾಗ ಎತ್ತಿ ಬಿಸಿಲಿಗೆ ಹಾಕುವುದು, ಜಿಪ್ಪಿಗೆ ಮೇಣದಬತ್ತಿ ಉಜ್ಜುವುದು, ಹಿಮ ಬಿದ್ದ ಬೆಳಿಗ್ಗೆ ಮೊದಲು ಚಾವಣಿ ಗುಡಿಸಿಯೇ ಎತ್ತುವುದು, ಇದೆಲ್ಲ ಬೇಜಾರಿನ ಕೆಲಸವೇ ಹೌದು, ಆದರೆ ಈ ಬೇಜಾರಿನಷ್ಟು ಇಷ್ಟವಾದದ್ದು ಅವಳ ಬಾಳಿನಲ್ಲಿ ಬೇರೆ ಇರಲಿಲ್ಲ.

ಅದನ್ನೇ ನಾಳೆ ಕೊಟ್ಟುಬಿಡುವುದು. ಲಾರಮಿಯಲ್ಲಿ ನಾದಿನಿ ನೊರೀನ್ ಕಾದಿದ್ದಾಳೆ, ಗ್ಯಾರೇಜಿನ ಮೇಲಿನ ಕೋಣೆಗೆ ಹೊಸ ಬಣ್ಣ ಹೊಡೆಸಿದ್ದಾಳಂತೆ, ಅವಳ ಪಕ್ಕದ ಮನೆಯವನು ನಾಳೆ ಕ್ಯಾಂಪರ್ ನೋಡಲು ಬರುತ್ತಾನಂತೆ, ಆ ಡಬ್ಬಾನ ಮಾರಿ ಸುಮ್ನೆ ಬಂದ್ಬಿಡಿ ಅತ್ತಿಗೆ, ಬಿಸಿನೀರಿದೆ, ಡಾಕ್ಟರು ಹತ್ರ ಇದ್ದಾರೆ, ಅಣ್ಣಂಗೆ ಆ ರೋಡಲ್ಲಿ ಏನಾದ್ರೂ ಆದ್ರೆ ನೀವೊಬ್ರೇ ಏನ್ಮಾಡ್ತೀರಿ, ಅಣ್ಣನಿಗೆ ಮರೆವು ಅಂತ ನೊರೀನಳ ಕಿವಿಗೆ ಹಾಕಿದವಳು ಯಾರು, ನಾನೇ, ಕ್ಯಾಂಪ್‌ಗ್ರೌಂಡಿನ ನೀರಿನ ಟ್ಯಾಂಕಿಯ ಹಿಂದೆ ನಿಂತು ಫೋನಿನಲ್ಲಿ, ಕಳ್ಳಿಯ ಹಾಗೆ. ಮೆರ್ಲ್ ಇನ್ನೂ ಅರಿಜೋನಾ ಅನ್ನುತ್ತಿದ್ದಾನೆ, ನಾಡಿದ್ದು ಹೊರಟ್ರೆ ಚಳಿಗೆ ಮುಂಚೆ ಮರುಭೂಮಿ ಸೇರ್ಕೋಬಹುದು ಕಣೇ, ಹೋದ್ಸಲ ನಮ್ಮ ಪಕ್ಕದಲ್ಲಿದ್ದ ಡ್ವೇನ್ ಆಗ್ಲೇ ಜಾಗ ಹಿಡ್ದಿಟ್ಟಿದ್ದಾನಂತೆ, ಇವಳು ಹೂಂ ಹೂಂ ಅನ್ನುತ್ತ ಮನಸ್ಸಿನೊಳಗೆ ಒಂದು ಗೆರೆ ಎಳೆದಿಟ್ಟುಕೊಂಡಿದ್ದಳು, ಲಾರಮಿ ಮುಟ್ಟುವವರೆಗೆ ನೋಡುವುದು, ಇನ್ನೊಂದು ಕೊಂಡಿ ಮರೆತನೋ, ನೊರೀನಳಿಗೆ ಹೂಂ ಅಂದುಬಿಡುವುದು, ಮರೆಯಲಿಲ್ಲವೋ, ಬಾಯಿ ಮುಚ್ಚಿಕೊಂಡು ಅರಿಜೋನಾ. ಗೆರೆ ಎಳೆದವಳು ಇವತ್ತೇ ನೋಡಲಿಲ್ಲವಲ್ಲ, ಇವತ್ತೇ! ಲ್ಯಾಂಡರಿನ ಪಾರ್ಕಿನಲ್ಲಿ ಬೆಳಿಗ್ಗೆ ಆಲಿಕಲ್ಲಿನ ಪುಡಿ ಮುಖಕ್ಕೆ ಎರಚುತ್ತಿತ್ತು, ಗಾಳಿಗೆ ಒದ್ದೆ ತಾಡಪಾಲು ಒಳಕ್ಕೆ ಬರಲೊಲ್ಲದು, ಚಾವಣಿ ಇಳಿಸುವಾಗ ಒಳಗಿನ ಗಾಳಿ ಹೋಗಲು ಗವಾಕ್ಷಿ ತೆರೆದಿದ್ದಳು, ಅದರಿಂದಲೂ ಆಲಿಕಲ್ಲು, ಬೈದುಕೊಂಡೇ ಬಟ್ಟೆ ಒಳಗೆಳೆದು ತುರುಕಿದ್ದು, ಬಗ್ಗಿ ಹೊರಗೆ ಬಂದದ್ದು, ಬಾಗಿಲು, ಪಟ್ಟಿ ಹಿಡಿದು ಚಾವಣಿ ಕೆಳಗೆಳೆದದ್ದು, ಮೆರ್ಲ್ ಮುಂದೆ ತನ್ನ ಸುತ್ತಿನಲ್ಲಿದ್ದ, ಎಡ ಮುಂದೆ, ಎಡ ಪಕ್ಕ, ಅಂತ ಗಾಳಿಗೆ ಹೇಳುತ್ತ, ಇವಳು ಓಡಿ ಹೋಗಿ ಸೀಟಿನಲ್ಲಿ ಕೂತಳು, ಬಟ್ಟೆ ಹಿಡಿದು ಗಾಜು ಒರೆಸಲು ಇಳಿಯಲಿಲ್ಲ, ಯಾರಿಗೆ ಬೇಕು ಈ ಚಳಿಯಲ್ಲಿ, ಅವನು ಎಂದಿನ ಹಾಗೆ ಹಿಂದಕ್ಕೆ ಹೊರಟ, ಇವಳಿಗೆ ರೇಗಿತು, ಕೈ ಚಾಚಿ ಹಾರನ್ ಒತ್ತಿದಳು, ಕಿಟಕಿ ಇಳಿಸಿ ಕೂಗಿದಳು, ಏನೋ ಮಾಡ್ತಿದ್ದೀಯ ಅಲ್ಲಿ, ನಿನ್ನ ಮಕ್ಕಳೆಲ್ಲ ಬಸ್ಸಿಳಿದು ಮದ್ವೆ ಆಗಿ ಮೊಮ್ಮಕ್ಕಳ್ನ ಕಂಡ್ರು, ಬಾರೋ ಸಾಕು, ಅವನು ಅರ್ಧದಲ್ಲಿ ನಿಂತ, ಹಿಂದಕ್ಕೊಮ್ಮೆ ನೋಡಿದ, ಇವಳನ್ನೊಮ್ಮೆ ನೋಡಿದ, ಕೋಟಿನ ಕಾಲರ್ ಎತ್ತಿಕೊಂಡು ಬಂದು ಕೂತ. ಸುತ್ತಿನ ನಡುವೆ ಮಾತಾಡಿಸಿದೆ. ಮೊದಲಿಂದ ಮಾಡಬೇಕಿತ್ತು, ಅವನು ಮಾಡಲಿಲ್ಲ.

ಟಕ್ ಟಕ್. ಈಗ ಎರಡು. ಈಗ ಎರಡೆರಡು ಬರುತ್ತಿದೆ, ಸಡಿಲ ಹೆಚ್ಚಾಗುತ್ತಿದೆ, ಎಡ ಮುಂದಿನದೇ, ಕಣ್ಣು ಮುಚ್ಚಿದರೆ ಕಾಣುತ್ತದೆ, ಜೋತುಬಿದ್ದ ಕೊಂಡಿ, ಗಾಳಿ ಎತ್ತಿ ಎತ್ತಿ ಬಡಿಯುತ್ತಿದೆ. ಏನೇ, ಮುಖ ಯಾಕೆ ಹಿಂಗಾಯ್ತು, ವಾಂತಿ ಬರ್ತಿದ್ಯಾ, ಇಲ್ಲ ಬಿಡು, ಪೆಪ್ಪರ್‌ಮಿಂಟ್ ತಗೋ, ಬೇಡ, ತಗೋಳೇ, ಬೇಡ ಅಂದ್ನಲ್ಲ. ನಿಲ್ಲಿಸು ಅನ್ನಬಹುದು, ಉಚ್ಚೆ ಬಂತು ಅನ್ನಬಹುದು, ಇಳಿದು ಮುಂದೆ ಹೋಗಿ ಕೈ ಹಾಕಿದರೆ ಅವನು ಗಾಜಿನೊಳಗಿನಿಂದಲೇ ನೋಡುತ್ತಾನೆ, ಗಾಜು ಒರೆಸುವ ಬಟ್ಟೆಯ ಗುಟ್ಟು ಅಲ್ಲಿಗೆ ಮುಗಿಯಿತು, ತನ್ನ ಬೆನ್ನ ಹಿಂದೆ ತನ್ನ ಕೆಲಸವನ್ನು ಹೆಂಡತಿ ಇಷ್ಟು ದಿನ ತಿದ್ದುತ್ತಿದ್ದಳು ಅಂತ ಗೊತ್ತಾದರೆ, ಮೆರ್ಲ್, ಒಂದು ಮಗುವಿಗೂ ತರಚು ಗಾಯವಾಗದಂತೆ ಇಳಿಸಿದವನು, ಅವನಿಗೆ ಅದಕ್ಕಿಂತ ಅವಮಾನ ಬೇರೆ ಬೇಕೆ. ಮುಂದಿನ ಊರು ರಾಲಿನ್ಸ್‌ವರೆಗೆ ತಡೆದುಕೊಂಡರೆ ಪೆಟ್ರೋಲ್ ಬಂಕಿನಲ್ಲಿ ಅವನು ಒಳಗೆ ಹೋದಾಗ ಹಾಕಿಬಿಡಬಹುದು, ತಡೆದೀತೇ, ತಡೆಯಬಹುದು, ಹಿಮ ತಡೆಯುವ ಬೇಲಿಗಳು ಒಂದಾದ ಮೇಲೊಂದು ಹಿಂದೆ ಹೋದವು, ಎದುರಿನಿಂದ ದೊಡ್ಡ ಲಾರಿಯೊಂದು ಬಂದು ಧಡ್ ಎಂದು ಗಾಳಿ ಅಪ್ಪಳಿಸಿ ಹೋಯಿತು, ಮೇಲೆ ಏನೋ ಕಿರ್ರ್ ಎಂದು ಎದ್ದು ಮತ್ತೆ ಕೂತಿತು, ಅವಳು ಸೀಟಿನ ಅಂಚು ಹಿಡಿದಳು. ನೋಡೇ ಹಿಂದೆ, ಅಂದ ಮೆರ್ಲ್, ಮುಖ ಅರಳಿತ್ತು, ಕನ್ನಡಿಯಲ್ಲಿ ಹಳದಿ, ಶಾಲೆ ಬಸ್ಸು, ವಾಲಿಬಾಲ್ ಹುಡುಗೀರು ಕಣೇ, ರಾಲಿನ್ಸಲ್ಲಿ ಮ್ಯಾಚ್ ಇರ್ಬೇಕು, ಡ್ರೈವರ್ ಹೊಸಬ, ಇಷ್ಟು ಹತ್ರ ಬರ್ಬಾರ್ದು ಈ ಗಾಳೀಲಿ. ಹಳದಿ ಬಸ್ಸು ಅವಳ ಕಡೆಯ ಕನ್ನಡಿಯಲ್ಲೂ ತುಂಬಿಕೊಂಡಿತು, ಗಾಜಿನ ಹಿಂದೆ ಯಾರೋ ಕೂದಲು ಕಟ್ಟಿಕೊಳ್ಳುತ್ತಿದ್ದ ಕೈ, ಯಾರೋ ನಗುತ್ತಿದ್ದ ಬಾಯಿ, ಈ ಚಾವಣಿ ಎದ್ದರೆ ಎಲ್ಲಿಗೆ ಹೋಗಿ ಬೀಳುತ್ತದೆ, ಬೇಲಿಗಲ್ಲ, ಆ ಗಾಜಿಗೆ, ಟಕ್ ಟಕ್ ಟಕ್, ಕೂದಲು ಕಟ್ಟಿಕೊಳ್ಳುತ್ತಿರುವ ಆ ಹುಡುಗಿಗೆ — ಅವಮಾನವಂತೆ ಅವಮಾನ, ಸುಡುಗಾಡು!

ನಿಲ್ಸು. ಏನು? ಗಾಡಿ ನಿಲ್ಸೋ ಮೆರ್ಲ್, ಈಗ್ಲೇ, ಯಾಕೇ ಏನಾಯ್ತು, ಕೊಂಡಿ ಹಾಕಿಲ್ಲ ನೀನು, ಎಡ ಮುಂದಿಂದು, ಬಡೀತಿದೆ, ನಂಗೆ ಕೇಳ್ತಿದೆ, ನಾನು ಹಾಕಿಲ್ವಾ, ಹಾಕಿಲ್ಲ, ಜೂನಲ್ಲೂ ಹಾಕಿರ್ಲಿಲ್ಲ, ನಾನೇ ಹಾಕ್ದೆ, ಆವತ್ತಿಂದ ದಿನಾ ನಿನ್ನ ಹಿಂದೆ ನಾನು ನೋಡ್ಕೊಂಡು ಬರ್ತಿದ್ದೀನಿ, ಗಾಜು ಒರೆಸೋಕೆ ಅಂದ್ಕೊಂಡ್ಯಾ. ಹೇಳಿಬಿಟ್ಟಳು. ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದು ಒಂದೇ ಉಸಿರಿಗೆ ಹೊರಗೆ ಬಿತ್ತು, ಮೆರ್ಲ್ ಕನ್ನಡಿ ನೋಡಿದ, ದೀಪ ಮಿನುಗಿಸಿದ, ಬಸ್ಸಿನವನಿಗೆ ಗೊತ್ತಾಗುವಂತೆ ನಿಧಾನ ಮಾಡಿದ, ಜಲ್ಲಿಯ ಅಂಚಿಗೆ ಮೆತ್ತಗೆ ಇಳಿಸಿ ನಿಲ್ಲಿಸಿದ, ಮಕ್ಕಳನ್ನು ಇಳಿಸುವಾಗ ನಿಲ್ಲಿಸುತ್ತಿದ್ದನಲ್ಲ ಹಾಗೆ, ಹಳದಿ ಬಸ್ಸು ಪಕ್ಕದಲ್ಲಿ ಗುಡುಗಿಕೊಂಡು ಹೋಯಿತು, ಡ್ರೈವರ್ ಎರಡು ಬೆರಳೆತ್ತಿದ, ಮೆರ್ಲ್ ಕೂಡ ಎತ್ತಿದ, ಆಮೇಲೆ ಆ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಹಾಗೇ ಹಿಡಿದುಕೊಂಡ, ಅವಳಿಗೆ ಅಳು ಬಂತು. ಅಳುತ್ತ ಕೂರುವುದಕ್ಕೆ ಇದು ಸಮಯವಲ್ಲ, ಬಾಗಿಲು ತೆರೆದಳು, ಗಾಳಿ ಬಾಗಿಲನ್ನು ಕೈಯಿಂದ ಕಿತ್ತುಕೊಂಡಿತು, ಮುಂದಕ್ಕೆ ಹೋಗಿ ಬಂಪರ್ ಹತ್ತಿದಳು, ಕೈ ಚಾಚಿದಳು, ಎಡ ಮುಂದೆ — ಹಾಕಿದೆ. ಭದ್ರವಾಗಿ ಹಾಕಿದೆ. ಉಗುರು ತೂರಿಸಲೂ ಜಾಗವಿಲ್ಲ, ತಣ್ಣಗೆ ಕಲ್ಲಿನಂತೆ ಕೂತಿದೆ, ಬಲ ಮುಂದೆ, ಹಾಕಿದೆ, ಬಲ ಪಕ್ಕ, ಹಾಕಿದೆ, ಓಡಿ ಈಚೆಗೆ ಬಂದು ಎಡ ಪಕ್ಕ, ಹಾಕಿದೆ, ಅಯ್ಯೋ ದೇವರೇ, ಎಲ್ಲವೂ ಹಾಕಿದೆ, ಮರೆತಿಲ್ಲ ಅವನು, ಸಂತೋಷ ಎದೆಗೆ ಬಂದು ಬಡಿಯಿತು, ಅರಿಜೋನಾ, ಅವನ ಕಾಲು ಹಿಡಿದು ತಪ್ಪಾಯ್ತು ಅನ್ನುತ್ತೇನೆ, ನೊರೀನ್ ಆ ಬಣ್ಣ ಹೊಡೆಸಿದ ಕೋಣೆಯಲ್ಲಿ ತಾನೇ ಮಲಗಲಿ, ಅರಿಜೋನಾಕ್ಕೆ ಹೋಗುತ್ತೇವೆ, ಹಾಗಾದರೆ ಸದ್ದು ಯಾವುದು — ಟಕ್ ಟಕ್. ಹಿಂದಿನಿಂದ.

ಬಾಗಿಲ ಬಲಕ್ಕೆ ಒಂದು, ಹಾಕಿದೆ. ಬಾಗಿಲ ಎಡಕ್ಕೆ ಒಂದು, ಜೋತಾಡುತ್ತಿದೆ. ಚಾವಣಿಯ ಮೂಲೆ ಎದ್ದಿದೆ, ಎದ್ದಲ್ಲಿ ತಾಡಪಾಲಿನ ತುದಿ ಹೊರಗೆ ಬಂದು ಹರಿದಿದೆ, ಕೊಂಡಿ ಗಾಳಿಗೆ ಎದ್ದು ತಗಡಿಗೆ ಬಡಿಯುತ್ತಿದೆ, ಅವಳ ಕೊಂಡಿ. ನನ್ನದು. ಇಲ್ಲ, ಇದನ್ನು ನಾನು ಹಾಕಿದ್ದೇನೆ, ದಿನಾ ಹಾಕುತ್ತೇನೆ, ಎರಡನ್ನೂ ಒಟ್ಟಿಗೆ ಹಾಕುತ್ತೇನೆ, ತಾನೇ ಬಿಚ್ಚಿಕೊಂಡಿದೆ, ಮೆರ್ಲ್ ಜಲ್ಲಿಯ ಮೇಲೆ ಕಾಲೆಳೆದುಕೊಂಡು ಬಂದು ಪಕ್ಕದಲ್ಲಿ ನಿಂತ, ತಾನೇ ಬಿಚ್ಕೊಂಡಿದೆ ಕಣೋ ಅಂದಳು, ಅವನು ಬೈಯಲಿಲ್ಲ, ಈಗಲಾದರೂ ಬೈಯಬಹುದಿತ್ತು, ನೋಡು ನೀನೇ ಅನ್ನಬಹುದಿತ್ತು, ಗಾಳಿಯಲ್ಲಿ ಕೇಳಿಸಲೆಂದು ಬಾಯನ್ನು ಅವಳ ಕಿವಿಗೆ ತಂದ. ಇವತ್ತು ನನ್ನನ್ನ ಹಿಂದಕ್ಕೆ ಬರೋಕೆ ಬಿಡ್ಲಿಲ್ವಲ್ಲೇ ನೀನು. ಅಂದ್ರೆ? ನಾನು ಹಿಂದೆ ಬರ್ತಿದ್ದಿದ್ದೇ ಇದಕ್ಕೆ. ಅವಳಿಗೆ ಅರ್ಥವಾಗಲಿಲ್ಲ, ಆಯಿತು, ಆಗಬಾರದಿತ್ತು, ದಿನಾನಾ, ದಿನಾ ಅಲ್ಲ, ಒಂದೊಂದಿನ ನೀನು ಎರಡೂ ಬಿಟ್ಟಿರ್ತಿದ್ದೆ, ಒಂದೊಂದಿನ ಒಂದು, ಯಾವಾಗಿಂದ, ಬೇಸಿಗೆ ಶುರುವಿಂದ, ಹೇಳ್ಬೋದಿತ್ತಲ್ಲೋ, ಹೇಳಿದ್ರೆ ನೀನು ನೊಂದ್ಕೋತಿದ್ದೆ, ಹಾಕೋದೇನು ಕಷ್ಟ, ನಾನೇ ಹಾಕ್ತಿದ್ದೆ. ಅವನು ಹಿಂದೆ ಹೋಗಿ ನಿಲ್ಲುತ್ತಿದ್ದದ್ದು, ಏನಿಲ್ಲ ಬಿಡು ಅನ್ನುತ್ತಿದ್ದದ್ದು, ಇವಳು ಬಟ್ಟೆ ಹಿಡಿದು ಮುಂದೆ ಹೋಗುತ್ತಿದ್ದದ್ದು, ಒಂದೇ ಗಾಡಿಯ ಸುತ್ತ ಇಬ್ಬರು, ಒಬ್ಬರಿಗೊಬ್ಬರು ಕಾಣದಂತೆ, ಮೆರ್ಲ್, ಆ ಗ್ಯಾಸು — ಅವನು ರಸ್ತೆಯ ಕಡೆ ನೋಡಿದ, ಮೆರ್ಲ್, ಆವತ್ತು ಆ ಗ್ಯಾಸು ತೆರ್ದಿಟ್ಟಿದ್ದು ಯಾರು, ಹೋಗ್ಲಿ ಬಿಡೇ ಅಂದ, ಉಪ್ಪಿನ ಡಬ್ಬಿ, ಹೋಗ್ಲಿ ಬಿಡು ಅಂದ್ನಲ್ಲ, ಅವಳ ಕೋಟಿನ ಗುಂಡಿ ಮೇಲಿನ ತನಕ ಹಾಕಿದ, ಶಾಲೆ ಮಕ್ಕಳಿಗೆ ಹಾಕುವ ಹಾಗೆ, ಚಳಿಯಿದೆ, ಕೊಂಡಿ ಹಾಕಿ ಬಾ, ನಾನಿಲ್ಲೇ ನಿಂತಿರ್ತೀನಿ, ಅಂದ. ಅವನೇ ಹಾಕಬಹುದಿತ್ತು, ಅವನ ಕೈ ಅಷ್ಟು ಹತ್ತಿರದಲ್ಲಿತ್ತು, ಹಾಕಲಿಲ್ಲ, ನನಗೆ ಬಿಟ್ಟ. ಸರಿ, ಬೆಳಿಗ್ಗೆಯಿಂದ ನೋಡೋಣ, ಎಲ್ಲಿ ತಪ್ಪಿತು ನೋಡೋಣ, ಆಲಿಕಲ್ಲು ಬೀಳುತ್ತಿತ್ತು, ಬಟ್ಟೆ ಒಳಗೆಳೆದೆ, ಗವಾಕ್ಷಿ ಮುಚ್ಚಿದೆ, ಬಗ್ಗಿ ಹೊರಗೆ ಬಂದೆ, ಬಾಗಿಲು, ಪಟ್ಟಿ, ಬಲಗಡೆಯದು ಹಾಕಿದೆ, ಬೆರಳಿಗೆ ಅದರ ತಣುಪು ಹತ್ತಿದ್ದು ಇನ್ನೂ ಇದೆ, ಆಮೇಲೆ ಎಡಗಡೆಗೆ ತಿರುಗಿದೆ, ತಿರುಗಿದೆನೇ, ತಿರುಗಿರಬೇಕು, ಆಮೇಲೆ ಸೀಟು, ಹಾರನ್ನು, ನಡುವೆ ಏನು, ನಡುವೆ ಇರಲೇಬೇಕು, ಮತ್ತೆ ಮೊದಲಿಂದ, ಆಲಿಕಲ್ಲು, ಬಟ್ಟೆ, ಗವಾಕ್ಷಿ, ಬಾಗಿಲು, ಪಟ್ಟಿ, ಬಲಗಡೆಯದು, ಆಮೇಲೆ — ಕೊಂಡಿ ಎದ್ದಿತು, ಬಡಿಯಿತು, ಜೋತುಬಿತ್ತು — ಮತ್ತೆ ಮೊದಲಿಂದ, ಬಾಗಿಲು, ಪಟ್ಟಿ, ಬಲಗಡೆಯದು, ಆಮೇಲೆ — ಜೋತಾಡುವ ಕೊಂಡಿ, ಬರೀ ಕೊಂಡಿ.